ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಕಂತು

ರೈತರಿಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಕಿಸಾನ್ ನೆರವಿನ ಕಂತು ಜಮೆಯಾದ ಸಂದೇಶ ಮೊಬೈಲಿಗೆ ಬಂದ ದಿನ ನಮ್ಮ ಸಾಗರ ಸೀಮೆಯ ಸೊಸೈಟಿ ಜಗುಲಿಯಲ್ಲಿ ಬೇರೆ ಮಾತಿರುವುದಿಲ್ಲ. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ತಲಾ 2,000 ರೂಪಾಯಿಯ ಮೂರು ಕಂತುಗಳಲ್ಲಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಮಧ್ಯವರ್ತಿಗಳ ಕಾಟವಿಲ್ಲದ ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹಣ ಸೇರುವುದು ಸಾಗುವಳಿ ಮಾಡುವವರಿಗಲ್ಲ, ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕು ದಾಖಲೆಯಲ್ಲಿ, ಹೆಸರಿರುವವರಿಗೆ. ಮಲೆನಾಡಿನಲ್ಲಿ ಇವರಿಬ್ಬರೂ ಒಬ್ಬರೇ ಆಗಿರಬೇಕೆಂದೇನೂ ಇಲ್ಲ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿಗೆ ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟು ಕಾಡಂಚಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಅನೇಕರಿಗೆ, ಮೂರನೆಯ ತಲೆಮಾರು ಅಡಿಕೆ ಕೊಯ್ಯುತ್ತಿದ್ದರೂ, ಹಕ್ಕುಪತ್ರ ಸಿಕ್ಕಿಲ್ಲ; ಅವರು ಉಳುವ ನೆಲ ದಾಖಲೆಯಲ್ಲಿ ಇನ್ನೂ ಅರಣ್ಯವೇ. ಪಹಣಿಯಿಲ್ಲದೆ, ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಜಮೀನು ನೋಂದಣಿಯಾಗದು. ನೋಂದಣಿಯಾಗದಿದ್ದರೆ ಕಂತೂ ಇಲ್ಲ, ಬೆಳೆ ವಿಮೆಯೂ ಇಲ್ಲ, ಹನಿ ನೀರಾವರಿಯ ಸಹಾಯಧನವೂ ಇಲ್ಲ. "ಕೊಳೆರೋಗ ಮಾತ್ರ ಪಹಣಿ ಕೇಳದೆ ಬರ್ತದೆ ಮಾರಾಯ" ಎಂದರು ಪಕ್ಕದ ತೋಟದ ಹಿರಿಯರು, ಅಡಿಕೆಯ ಆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣದ ನೀರು ಸೋಸುತ್ತಾ. ದ್ರಾವಣಕ್ಕೆ ಬೇಕಾದ ಮೈಲುತುತ್ತದ ಖರ್ಚನ್ನೂ, ಮರ ಹತ್ತಿ ಸಿಂಪಡಿಸುವ ಕೊನೆಗಾರರ ಕೂಲಿಯನ್ನೂ ಪಹಣಿಯಿಲ್ಲದವರು ಕೈಯಿಂದಲೇ ಭರಿಸಬೇಕು.

ತೀರಿಕೊಂಡ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವವರ ಪಾಡು ಇಷ್ಟು ಕಠಿಣವಲ್ಲ. ಅಣ್ಣತಮ್ಮಂದಿರು ಒಮ್ಮತಕ್ಕೆ ಬಂದರೆ (ಅದೇ ದೊಡ್ಡ ಕೆಲಸವೆನ್ನಿ) ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಅರ್ಜಿ ಕೊಟ್ಟು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಬಹುದು.