ಒಂದೇ ಒಂದು ಹೋಳಿಗೆ ತಿಂದರೆ ಏನಾಗುತ್ತದೆ?

ಈ ಪ್ರಶ್ನೆಯನ್ನು ನನಗೆ ಇನ್ನೂ ಕೇಳದವರು ಕೊಪ್ಪಳ ಜಿಲ್ಲೆಯಲ್ಲಿ ಯಾರಾದರೂ ಉಳಿದಿದ್ದರೆ, ಅವರು ನನ್ನನ್ನು ಈವರೆಗೆ ಊಟಕ್ಕೆ ಕರೆಯದವರೇ ಇರಬೇಕು. ಹೋಳಿಗೆಯ ಜಾಗದಲ್ಲಿ ಚಪಾತಿ ಬರಬಹುದು, ಶ್ಯಾವಿಗೆ ಪಾಯಸ ಬರಬಹುದು, ಉಪ್ಪಿಟ್ಟೂ ಬರಬಹುದು. ‘ಒಂದೇ ಒಂದು’ ಎಂಬ ಮಾತು ಮಾತ್ರ ತಪ್ಪುವುದಿಲ್ಲ. ಉಪ್ಪಿಟ್ಟಾದರೆ ‘ಒಂದೇ ಒಂದು ಚಮಚ’ ಎನ್ನುತ್ತಾರೆ. ಬಾಯಿಯಿಂದ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುವವಳು. ಓದಿ ಬೇಸರವಾದರೆ ಆಗಲಿ.

ಉತ್ತರ ಇಷ್ಟೇ: ನೀವು ನೋಡುವಂಥದ್ದು ಏನೂ ಆಗುವುದಿಲ್ಲ. ನಾನು ತಾಟಿನ ಮುಂದೆ ಕಣ್ಣು ತಿರುಗಿ ಬೀಳುವುದಿಲ್ಲ, ಮೈಮೇಲೆ ಗಂಧೆ ಏಳುವುದಿಲ್ಲ. ನೀವು ಕೈ ತೊಳೆದು ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ನಾನೂ ನಿಮ್ಮ ಪಕ್ಕದಲ್ಲೇ ನಗುತ್ತ ಕುಳಿತಿರುತ್ತೇನೆ, ನೀವು ‘ನೋಡಿದ್ರ್ಯಾ, ಏನೂ ಆಗ್ಲಿಲ್ಲ’ ಎನ್ನುತ್ತೀರಿ. ಆಗುವುದೆಲ್ಲ ನೀವು ನಿಮ್ಮ ಮನೆಗೆ ಹೋದ ಮೇಲೆ, ನನ್ನ ಕರುಳಿನಲ್ಲಿ ಆಗುತ್ತದೆ. ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ, ನನ್ನನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ನನ್ನ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಉಂಡದ್ದರ ಸತ್ವ ಹೀರಿಕೊಳ್ಳಲೆಂದು ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲಿನ ಎಳೆಗಳಂತೆ ಎದ್ದುನಿಂತಿರುವ ಸೂಕ್ಷ್ಮ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಈ ಹಾನಿ ಆಗುತ್ತದೆಂದು ಪರೀಕ್ಷಿಸಿ ನೋಡಿದ್ದಾರೆ. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಎರಡು ಗ್ರಾಂಗೂ ಹೆಚ್ಚು ಗ್ಲುಟೆನ್ ಇರುತ್ತದೆ. ಅಂದರೆ ಚಪಾತಿಯನ್ನು ನಲವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ತುಣುಕೇ ನನಗೆ ಹೆಚ್ಚಾಯಿತು. ನಿಮ್ಮ ‘ಒಂದೇ ಒಂದು’ ನನ್ನ ಲೆಕ್ಕದಲ್ಲಿ ನಲವತ್ತು.

‘ಇಷ್ಟು ವರ್ಷ ತಿಂದು ಅರಗಿಸಿಕೊಂಡಿಲ್ಲವೇ?’ ಎಂಬುದು ಇದರ ತಂಗಿಯಂಥ ಪ್ರಶ್ನೆ. ತಿಂದೆ, ಆದರೆ ಅರಗಿಸಿಕೊಳ್ಳಲಿಲ್ಲ. ಆರು ವರ್ಷ ನನಗೆ ‘ರಕ್ತ ಕಡಿಮೆ’ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ನುಂಗಿದ ಕಬ್ಬಿಣವನ್ನು ಹೀರಿಕೊಳ್ಳಬೇಕಾದ ಕರುಳೇ ಹಾಳಾಗಿದ್ದರಿಂದ ಹಿಮೋಗ್ಲೋಬಿನ್ ಎಂಟರಿಂದ ಮೇಲೇಳಲಿಲ್ಲ. ಬಾಯಿ ಹುಣ್ಣು, ಹೊಟ್ಟೆ ಉಬ್ಬರ, ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆ ಕೆಟ್ಟಾಗಲೆಲ್ಲ ‘ರೊಟ್ಟಿ ಜಡ, ಹಗುರವಾದದ್ದು ತಿನ್ನಲಿ’ ಎಂದು ಮನೆಯವರು ಅಕ್ಕರೆಯಿಂದ ಹಾಲಿನಲ್ಲಿ ಬ್ರೆಡ್ ನೆನೆಸಿ ಕೊಟ್ಟರು, ಗೋಧಿ ರವೆಯ ಗಂಜಿ ಕುಡಿಸಿದರು. ನನ್ನ ಕಾಯಿಲೆಗೆ ಅಷ್ಟು ಪ್ರೀತಿಯಿಂದ ಗೊಬ್ಬರ ಹಾಕಿದವರನ್ನು ಈಗ ಬೈಯಲೂ ಆಗುವುದಿಲ್ಲ. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಉತ್ತರದಲ್ಲಿರುವುದಕ್ಕಿಂತ ಬಹಳ ಕಡಿಮೆ. ಹಾಗಾಗಿ ನಮ್ಮ ಕಡೆ ಯಾರಿಗೂ ಅದರ ಅನುಮಾನ ಮೊದಲು ಬರುವುದಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆಯೂ ಎಂಡೋಸ್ಕೋಪಿಯೂ ಆಗಿ, ಕರುಳಿನ ತುಣುಕು ತೆಗೆದು ನೋಡಿದ ಮೇಲೆ ಹೆಸರು ಗೊತ್ತಾಯಿತು. (ನಿಮಗೂ ಅನುಮಾನವಿದ್ದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ; ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು. ತೂಕ ಇಳಿಸಲೆಂದು ಬಿಡುವವರ ಜೊತೆ ನನ್ನನ್ನು ಸೇರಿಸಲೂ ಬೇಡಿ.)

ಇದು ಈಗಿನ ಕಾಲದ ಹೊಸ ರೋಗ ಎನ್ನುವವರಿಗೆ ಹೇಳುವುದಾದರೆ, ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಎಂಬವರು ಗೋಧಿಯೇ ಇದಕ್ಕೆ ಕಾರಣವೆಂದು ತಮ್ಮ ಮಹಾಪ್ರಬಂಧದಲ್ಲಿ ಬರೆದದ್ದು 1950ರಲ್ಲಿ. ತುಂಗಭದ್ರಾ ಅಣೆಕಟ್ಟು ಆಗ ಇನ್ನೂ ಮುಗಿದಿರಲಿಲ್ಲ. ಜವೆಗೋಧಿ ತಿನ್ನಿ, ಅದು ಹಳೆಯ ತಳಿ, ಏನೂ ಮಾಡುವುದಿಲ್ಲ ಎನ್ನುವವರಿಗೆ: ಅದರಲ್ಲೂ ಗ್ಲುಟೆನ್ ಇದೆ.

‘ಹಂಗಾರ ಏನ್ ತಿಂತೀರಿ, ಪಾಪ?’ ಎಂದು ಮರುಗುವವರ ಮೇಲೆ ನನಗೆ ಬರುವಷ್ಟು ಸಿಟ್ಟು ಇನ್ನಾರ ಮೇಲೂ ಬರುವುದಿಲ್ಲ. ಈ ಮಾತನ್ನು ಬೆಂಗಳೂರಿನವರು ಕೇಳಿದರೆ ಕ್ಷಮಿಸಬಹುದು. ಗಂಗಾವತಿಯ ಗದ್ದೆಯ ಸೋನಾ ಮಸೂರಿ ಉಂಡು, ಎರೆ ಹೊಲದ ಬಿಳಿಜೋಳದ ರೊಟ್ಟಿ ಮುರಿದು, ಸಂಜೆಗೆ ಮಂಡಾಳ ಒಗ್ಗರಣೆ ತಿನ್ನುವವರು ಕೇಳಬಾರದು. ನಮ್ಮ ಅಜ್ಜಿಯ ಕಾಲಕ್ಕೆ ಗೋಧಿ ಹಬ್ಬಕ್ಕೆ ಬರುವ ನೆಂಟನಾಗಿತ್ತು. ಚಪಾತಿಯನ್ನು ಲಟ್ಟಿಸುತ್ತೇವೆ, ರೊಟ್ಟಿಯನ್ನು ಬಡಿಯುತ್ತೇವೆ. ಯಾಕೆಂದು ಯಾರಾದರೂ ಯೋಚಿಸಿದ್ದಾರೆಯೇ? ಎಳೆದರೆ ಹಿಗ್ಗುವಂತೆ ಮಾಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ ಜಿಗಿ ತರಿಸಿ, ಒಡೆಯದಂತೆ ಕೈಯಿಂದ ಬಡಿಯಬೇಕು. ನನ್ನ ಔಷಧವನ್ನು ಈ ಭಾಗದ ಹೆಂಗಸರು ತಲೆತಲಾಂತರದಿಂದ ಹಂಚಿನ ಮೇಲೆ ಬೇಯಿಸುತ್ತ ಬಂದಿದ್ದಾರೆ.

ಆದರೆ ಹಬ್ಬ, ಮದುವೆ ಎಂದೊಡನೆ ಆ ನೆಂಟ ಬಂದು ಗಾದಿಯ ಮೇಲೆ ಕೂರುತ್ತಾನೆ. ಎರಡು ವರ್ಷದ ಹಿಂದೆ ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಯಜಮಾನರ ಸೋದರತ್ತೆಯ ಮಗಳ ಮದುವೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ನಾನು ಅನ್ನವನ್ನಷ್ಟೇ ಹಾಕಿಸಿಕೊಂಡು, ಮನೆಯಿಂದ ತಂದ ಶೇಂಗಾ ಚಟ್ನಿಯ ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಕಳ್ಳಿಯಂತೆ ತೆರೆಯುತ್ತಿದ್ದೆ. ಹುಗ್ಗಿಯ ಬಕೀಟು ಹಿಡಿದು ಬಂದ ಅತ್ತೆ ‘ಶಾಸ್ತ್ರಕ್ಕ ಒಂದ ಒಂದು ಸೌಟು’ ಎಂದು, ನಾನು ಕೈ ಅಡ್ಡ ಹಿಡಿಯುವುದರೊಳಗೆ, ಅನ್ನದ ಮೇಲೆಯೇ ಸುರಿದುಬಿಟ್ಟರು. ನಾನು ಊಟ ನಿಲ್ಲಿಸಿದೆ. ಕಾಯಿಲೆಯ ಹೆಸರು ಹೇಳಿದೆ, ಕರುಳಿನ ವಿಷಯ ಹೇಳಿದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆಯ ಮುಖ ಕಪ್ಪಿಟ್ಟಿತು. ‘ನಮ್ಮ ಮನಿ ಹುಗ್ಗಿ ನಿನಗ ಸೇರೂದಿಲ್ಲ ಅನ್ನವ್ವ, ಸುಮ್ನ ಯಾಕ ರೋಗದ ಹೆಸರ ಹೇಳತಿ?’ ಎಂದರು. ಪಂಗತಿಯಲ್ಲಿ ಕುಳಿತವರೆಲ್ಲ ತಿನ್ನುವುದನ್ನು ಬಿಟ್ಟು ನನ್ನ ತಾಟನ್ನೇ ನೋಡತೊಡಗಿದರು.

ಆಗ ಎದುರಿಗೆ ಕುಳಿತಿದ್ದ ನನ್ನ ಮೈದುನ, ತಲೆಯನ್ನೂ ಎತ್ತದೆ, ‘ಅತ್ತೀ, ವೈನಿ ಹರಕಿ ಹೊತ್ತಾರ. ಗೋದಿ ಬಿಟ್ಟಾರ’ ಎಂದ.

‘ಯಾವ ದೇವರಿಗೆ?’

‘ಹುಲಿಗೆಮ್ಮಗ.’

ಅತ್ತೆ ಬಕೀಟನ್ನು ಕೆಳಗಿಟ್ಟು ಎರಡೂ ಕೈಯಿಂದ ಗಲ್ಲ ಬಡಿದುಕೊಂಡರು. ‘ಮೊದಲ ಹೇಳಬಾರದೇನ ಯವ್ವಾ, ಪಾಪ ಕಟಗೊಳ್ತಿದ್ನೆಲ್ಲ’ ಎಂದು ನನ್ನ ತಾಟನ್ನು ತಾವೇ ಎತ್ತಿಕೊಂಡು ಹೋಗಿ, ಬೇರೆ ತಾಟಿನಲ್ಲಿ, ಬೇರೆ ಸೌಟಿನಿಂದ, ಹೊಸ ಅನ್ನ ತಂದರು. ಐದು ಪುಟದ ವೈದ್ಯಕೀಯ ವರದಿಯಿಂದ ಆಗದ ಕೆಲಸ ಒಂದು ಸುಳ್ಳಿನಿಂದ ಆಯಿತು. ಅಂದು ನನಗೆ ನಗು ಬರಲಿಲ್ಲ, ಅವಮಾನವೇ ಆಯಿತು. ಆಮೇಲೆ ಯೋಚಿಸಿದರೆ ಅತ್ತೆಯ ಲೆಕ್ಕ ಸರಿಯಾಗಿಯೇ ಇತ್ತು. ಶ್ರಾವಣ ಸೋಮವಾರ ಹಿಡಿದವರಿಗೆ ‘ಒಂದೇ ಒಂದು ತುಂಡು ಮಟನ್ ತಿಂದರೆ ಏನಾಗುತ್ತದೆ?’ ಎಂದು ಯಾರೂ ಕೇಳುವುದಿಲ್ಲ. ಬಿಟ್ಟದ್ದು ಎಂದರೆ ಬಿಟ್ಟದ್ದು, ಅದರ ಸೌಟೂ ಸೋಂಕಬಾರದು ಎಂಬುದು ನಮ್ಮವರಿಗೆ ಹರಕೆಯ ವಿಷಯದಲ್ಲಿ ಹೇಳಿಕೊಡದೆಯೇ ಗೊತ್ತಿದೆ. ನನ್ನ ಕಾಯಿಲೆಗೆ ಬೇಕಾದ ನಿಯಮವೂ ಅದೇ.

ನನ್ನನ್ನು ಏನಾದರೂ ಕೇಳಲೇಬೇಕೆಂದಿದ್ದರೆ, ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮೊದಲು ಏನು ಬೀಸಿದ್ದರು ಎಂದು ಕೇಳಿ. ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಅದು. ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ನಮ್ಮ ಓಣಿಯ ಗಿರಣಿಯಲ್ಲಿ ನನ್ನ ಮುಂದಿನ ಪಾಳಿಯವರ ಗೋಧಿ ಕಲ್ಲಿನಲ್ಲಿ ಎಷ್ಟು ಉಳಿದಿತ್ತೆಂದು ಯಾರು ತೂಗುತ್ತಾರೆ? ಮುಂಜಾನೆ ಮೊದಲ ಪಾಳಿ ಹಿಡಿದರೂ ಹಿಂದಿನ ರಾತ್ರಿಯ ಗೋಧಿ ಕಾದಿರುತ್ತದೆ. ಕೊನೆಗೆ ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಗಿರಣಿ ತಂದೆ. ಖಾನಾವಳಿಗೆ ಹೋದರೆ ರೊಟ್ಟಿ ಮೆತ್ತಗಾಗಲೆಂದು ಗೋಧಿ ಹಿಟ್ಟು ಬೆರೆಸಿದ್ದೀರಾ ಎಂದು ಕೇಳುತ್ತೇನೆ, ಕೆಲವರು ಹೆಮ್ಮೆಯಿಂದ ಹೌದೆನ್ನುತ್ತಾರೆ. ಮಿರ್ಚಿ ಕಡಲೆಹಿಟ್ಟಿನದೇ ಆದರೂ ಪೂರಿ ಕರಿದ ಎಣ್ಣೆಯಲ್ಲಿ ಮುಳುಗಿ ಎದ್ದಿರುತ್ತದೆ. ಎಲ್ಲಕ್ಕಿಂತ ಕಳ್ಳ ಎಂದರೆ ಇಂಗು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಗೋಧಿಯ ಹೆಸರೇ ಇಲ್ಲದ ಸಾರಿನೊಳಗೆ ಅದು ಒಗ್ಗರಣೆಯ ಬೆನ್ನೇರಿ ಬರುತ್ತದೆ. ಇದು ಗೊತ್ತಾಗುವ ಮೊದಲು, ಹೋಳಿಗೆ ಬಿಟ್ಟು ಬರೀ ಅನ್ನ ಸಾರು ಉಂಡು ಎಷ್ಟು ಸಲ ಹಾಸಿಗೆ ಹಿಡಿದಿದ್ದೇನೋ.

ಕಳೆದ ತಿಂಗಳು ಅದೇ ಅತ್ತೆ ಫೋನ್ ಮಾಡಿದರು. ಮೊಮ್ಮಗನ ಜವಳ, ತಪ್ಪದೆ ಬರಬೇಕು. ಹರಕೆ ಯಾವಾಗ ಮುಗಿಯುತ್ತದೆ ಎಂದು ಕೇಳಿದರು; ಮುಗಿಯುವಂಥದ್ದಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರ್ಲಿ ಬಿಡು, ನಿನಗ ಜ್ವಾಳ ಬೀಸೂಕಲ್ಲಿನಾಗ ನಾನ ಬೀಸಿಡ್ತೀನಿ, ಗಿರಣ್ಯಾಗ ಗೋದಿ ಮುಟ್ಟಿರತೈತಿ’ ಎಂದರು. ಅಷ್ಟೂ ವರ್ಷ ಯಾರೂ ಹೇಳದ ಮಾತು. ಈಗಲಾದರೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಮತ್ತೆ ಕೇಳಿದರು: ‘ಮತ್ತ ಹರಕ್ಯಾಗ ಇಂಗು ನಡೀತೈತೇನವ್ವ?’

‘ಇಂಗು ನಡಿಯೂದಿಲ್ಲ ಅತ್ತೀ, ಬಳ್ಳೊಳ್ಳಿ ಹಾಕ್ರಿ’ ಎಂದೆ.