ನಾರ್ವೆಯ ಬೆಟ್ಟದ ಕ್ಯಾಬಿನ್‌ಗೆ ಹೊರಟಿದ್ದೀರಾ? ಒಲೆ, ನೀರಿನ ವಿಷಯ ಗೊತ್ತಿರಲಿ

ನಾರ್ವೆಯ ಪ್ರವಾಸಿ ಸಂಘ ಡಿ.ಎನ್.ಟಿ. ಶುರುವಾಗಿದ್ದು 1868ರಲ್ಲಿ. ಈಗ ಅದರ 550ಕ್ಕೂ ಹೆಚ್ಚು ಕ್ಯಾಬಿನ್‌ಗಳಿವೆ. ಕೆಲವು ಕಡೆ ಬಿಸಿ ಊಟ ಕೊಡುವ ಸಿಬ್ಬಂದಿಯೇ ಇರುತ್ತಾರೆ. ನಾನು ಹೇಳುತ್ತಿರುವುದು ಯಾರೂ ಇಲ್ಲದ ಕ್ಯಾಬಿನ್‌ಗಳ ಬಗ್ಗೆ. ಸದಸ್ಯರಾದರೆ ಒಂದು ಬೀಗದ ಕೈ ಸಿಗುತ್ತದೆ, ಬಹುಪಾಲು ಕ್ಯಾಬಿನ್‌ಗೆ ಅದೇ ಸಾಕು. ಒಳಗೆ ಹಾಸಿಗೆ, ಪಾತ್ರೆ, ಗ್ಯಾಸ್, ಸೌದೆ ಎಲ್ಲ ಇರುತ್ತದೆ. ಕರೆಂಟ್ ಇಲ್ಲ, ನಲ್ಲಿ ಇಲ್ಲ.

ನಾವು ಹೋಗಿದ್ದು ಮಾರ್ಚ್‌ನಲ್ಲಿ, ರೊಂಡಾನೆ ಕಡೆಗೆ. 1962ರಲ್ಲಿ ಆದ ನಾರ್ವೆಯ ಮೊದಲ ರಾಷ್ಟ್ರೀಯ ಉದ್ಯಾನ ಅದು. ಚಳಿಗಾಲದಲ್ಲಿ ಹೋಗುವವರು ಕತ್ತಲಾಗುವ ಮುಂಚೆ ತಲುಪಲೇಬೇಕು. ಬಾಗಿಲು ತೆಗೆದ ತಕ್ಷಣ ಸುಮ್ನೆ ಕೂರುವ ಹಾಗಿಲ್ಲ. ಒಬ್ಬರು ಒಲೆ ಹಚ್ಚಬೇಕು, ಇನ್ನೊಬ್ಬರು ನೀರಿಗೆ ಹೋಗಬೇಕು. ಕ್ಯಾಬಿನ್ ಒಳಗೂ ಹೊರಗಿನಷ್ಟೇ ಚಳಿ ಇರುತ್ತದೆ.

ಮೊದಲು ಒಲೆಯ ವಿಷಯ. ನಮ್ಮ ಜೊತೆ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಇದ್ದ. ಬಚ್ಚಲು ಹಂಡೆಗೆ ಉರಿ ಹಾಕುತ್ತಲೇ ಬೆಳೆದವನು. ಅವನಿಗೂ ಇಲ್ಲಿನ ಕ್ರಮ ಉಲ್ಟಾ ಅನಿಸಿತು. ದಪ್ಪ ಸೌದೆ ಕೆಳಗೆ, ಅದರ ಮೇಲೆ ಸಣ್ಣದು, ಎಲ್ಲಕ್ಕಿಂತ ಮೇಲೆ ಚಕ್ಕೆ ಮತ್ತು ಬರ್ಚ್ ಮರದ ತೊಗಟೆ. ಬೆಂಕಿ ಹಚ್ಚುವುದು ಮೇಲಿನಿಂದ. ಕೆಳಗಿನ ಸೌದೆ ಬಿಸಿಯಾಗಿ ಬಿಡುವ ಹೊಗೆ ಮೇಲಿನ ಉರಿಯಲ್ಲೇ ಸುಟ್ಟುಹೋಗುತ್ತದೆ, ಹಾಗಾಗಿ ಹೊಗೆ ಕಡಿಮೆ. ಬರ್ಚ್ ತೊಗಟೆಯಲ್ಲಿ ಎಣ್ಣೆಯಂಶ ಇದೆ. ಒಂದು ಕಡ್ಡಿ ಗೀರಿದರೆ ಚಟಪಟ ಅಂತ ಹೊತ್ತಿಕೊಳ್ಳುತ್ತದೆ.

ಇದಕ್ಕೂ ಮೊದಲು ಚಿಮಣಿಯ ಡ್ಯಾಂಪರ್, ಅಂದರೆ ಹೊಗೆಯ ದಾರಿ ತೆರೆದು ಮುಚ್ಚುವ ತಗಡು, ಪೂರ್ತಿ ತೆರೆದಿದೆಯಾ ನೋಡಿ. ಚಿಮಣಿ ತಣ್ಣಗಿದ್ದರೆ ಹೊಗೆ ಕೋಣೆಗೇ ನುಗ್ಗುತ್ತದೆ. ಒಂದು ಹಾಳೆ ನ್ಯೂಸ್‌ಪೇಪರ್ ಹೊತ್ತಿಸಿ ಹೊಗೆ ಹೋಗುವ ಬಾಯಿಯ ಹತ್ತಿರ ಹಿಡಿದರೆ ಗಾಳಿ ಮೇಲಕ್ಕೆ ಎಳೆಯಲು ಶುರುವಾಗುತ್ತದೆ. ಶುರುವಿಗೆ ಗಾಳಿ ಜಾಸ್ತಿ ಬಿಡಿ, ಒಲೆಯ ಬಾಗಿಲನ್ನೂ ಸ್ವಲ್ಪ ತೆರೆದಿಡಿ. ರಾತ್ರಿ ಬೆಚ್ಚಗಿರಲಿ ಅಂತ ಕೆಂಡ ಇರುವಾಗಲೇ ಡ್ಯಾಂಪರ್ ಮುಚ್ಚಿ ಮಲಗಬೇಡಿ. ಆಗ ಕೋಣೆಯೊಳಗೇ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುವ ವಿಷಾನಿಲ, ಅದಕ್ಕೆ ವಾಸನೆಯೂ ಇಲ್ಲ. ಕಂಬಳಿ ಅಲ್ಲೇ ಇರುತ್ತದೆ, ಇನ್ನೊಂದು ಹೊದ್ದುಕೊಳ್ಳಿ.

ಇನ್ನು ನೀರು. ಬೇಸಿಗೆಯಲ್ಲಿ ತೊರೆಯಿಂದ ತರಬಹುದು. ಕುಡಿಯುವ ನೀರನ್ನು ಕ್ಯಾಬಿನ್‌ನಿಂದ ಮೇಲಕ್ಕೆ ಹೋಗಿ ತುಂಬಿಸಿ. ಅಲ್ಲಿ ಬೆಟ್ಟದ ಮೇಲೆ ಕುರಿಗಳು ಮೇಯುತ್ತವೆ, ಹಾಗಾಗಿ ನಾನಾದರೆ ಕುದಿಸಿಯೇ ಕುಡಿಯುತ್ತೇನೆ. ಚಳಿಗಾಲದಲ್ಲಿ ತೊರೆ ಹಿಮದಡಿ ಹೂತಿರುತ್ತದೆ, ಹಿಮ ಕರಗಿಸುವುದೇ ದಾರಿ. ಹೊಸ ಹಿಮ ಹತ್ತು ಲೀಟರ್ ತುಂಬಿದರೆ ಸಿಗುವುದು ಸುಮಾರು ಒಂದು ಲೀಟರ್ ನೀರು. ಗಾಳಿಗೆ ಗಟ್ಟಿಯಾದ ಹಿಮ ಕಡಿದು ತಂದರೆ ಓಡಾಟ ಉಳಿಯುತ್ತದೆ. ಶೌಚಾಲಯ, ನಾಯಿ ಕಟ್ಟುವ ಜಾಗ ಎರಡರಿಂದಲೂ ದೂರ ಹೋಗಿ ಅಗೆಯಿರಿ. ಪಾತ್ರೆಯ ತಳಕ್ಕೆ ಒಂದು ಲೋಟ ನೀರು ಹಾಕಿ ಆಮೇಲೆ ಹಿಮ ಹಾಕಿ. ಬರೀ ಹಿಮ ಹಾಕಿದರೆ ತಳ ಕಾದು ನೀರಿಗೆ ಸೀದ ವಾಸನೆ ಬರುತ್ತದೆ. ಅದಕ್ಕೇ ಫ್ಲಾಸ್ಕ್‌ನಲ್ಲಿ ಒಂದಿಷ್ಟು ನೀರು ಉಳಿಸಿಕೊಂಡು ಹೋಗಿ. ಇಬ್ಬರಿಗೆ ಅಡುಗೆ, ಚಹಾ, ಪಾತ್ರೆಗೆ ಸಾಕಾಗುವಷ್ಟು ಕರಗಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಅನ್ನ ಬಸಿಯುವ ಆಸೆ ಬಿಟ್ಟುಬಿಡಿ, ಉಪ್ಪಿಟ್ಟೇ ವಾಸಿ.

ಬಕೆಟ್‌ಗಳನ್ನು ಗುರುತು ನೋಡಿ ಬಳಸಿ. ಒಂದು ಕುಡಿಯುವ ನೀರಿಗೆ, ಒಂದು ಕೊಳಕು ನೀರಿಗೆ. ಪಾತ್ರೆ ತೊಳೆದ ನೀರನ್ನು ಬಾಗಿಲಾಚೆ ಚೆಲ್ಲುವ ಹಾಗಿಲ್ಲ. ಅದಕ್ಕೆ ಬೇರೆ ಜಾಗ ಇದೆ.

ಹೊರಡುವ ಬೆಳಿಗ್ಗೆ ಸೌದೆಮನೆಯಿಂದ ಸೌದೆ ಒಡೆದು ಒಲೆಯ ಪಕ್ಕ ಜೋಡಿಸಿ, ಚಕ್ಕೆಯನ್ನೂ ಸೇರಿಸಿ. ಮುಂದಿನವರು ನಡುಗುತ್ತಾ ಬರುತ್ತಾರೆ, ಅಲ್ವಾ? ಬೂದಿ ಲೋಹದ ಬಕೆಟ್‌ಗೇ ಹಾಕಿ, ಅದರಲ್ಲಿ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಕೆಟಲ್, ಬಕೆಟ್ ಎಲ್ಲ ಖಾಲಿ ಮಾಡಿ ಬೋರಲು ಹಾಕಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತವೆ. ಗ್ಯಾಸ್ ಆಫ್ ಮಾಡಿ.

ಬೇಕಾದ ಕ್ಯಾಬಿನ್ ತೆರೆದಿದೆಯಾ ಅಂತ ಟಿಕೆಟ್ ಮಾಡಿಸುವ ಮುಂಚೆಯೇ ನೋಡಿಕೊಳ್ಳಿ. ಕಾಡು ಹಿಮಸಾರಂಗ ಮರಿ ಹಾಕುವ ವಸಂತದಲ್ಲಿ ರೊಂಡಾನೆಯ ಕೆಲವು ಕ್ಯಾಬಿನ್‌ಗಳು ಬಾಗಿಲು ಹಾಕಿರುತ್ತವೆ.