ಮೂಲ ಯಾವೂರು ಅಂತ ಕೇಳುವವರಿಗೆ

ಸೊರಬ. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಅದು ಸರಿ, ಮೂಲ?" ಅಂತ ಇನ್ನೊಂದು ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಪೂರ್ತಿ ಓದಿ.

ಕಳೆದ ವರ್ಷ ಬೆಂಗಳೂರಿನಲ್ಲಿ ಸ್ನೇಹಿತನ ಮನೆಯ ಗೃಹಪ್ರವೇಶ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ಒಬ್ಬ ಹಿರಿಯರು.

"ಏನಪ್ಪಾ, ನಿಮ್ದು ಯಾವೂರು?"

"ಸೊರಬ ಕಡೆ ಸಾರ್."

"ಮೂಲ ಅಲ್ಲೇನಾ?"

"ಅಲ್ಲ, ಮುಂಚೆ ಸಾಗರ ತಾಲ್ಲೂಕು. ಮುಳುಗಡೆ ಆಯ್ತು."

"ಓಹೋ, ಮುಳುಗಡೆಯವರಾ! ಹಂಗಾದ್ರೆ ಪರಿಹಾರ ಚೆನ್ನಾಗೇ ಬಂದಿರ್ಬೇಕಲ್ಲಪ್ಪ. ಅದಕ್ಕೂ ಮುಂಚೆ ಎಲ್ಲಿಂದ ಬಂದೋರು ನೀವು?"

ಹೋಳಿಗೆಗೆ ತುಪ್ಪ ಹಾಕುತ್ತಾ ಬರುತ್ತಿದ್ದರು. ನಾನು ಎಲೆ ಮಡಚಿ ಎದ್ದೆ. ಸ್ನೇಹಿತನಿಗೆ ಬೇಜಾರಾಯಿತು, ಅವನಿಗೆ ಆಮೇಲೆ ಸಮಾಧಾನ ಹೇಳಿದೆ. ಹೋಳಿಗೆ ಬಿಟ್ಟು ಎದ್ದಿದ್ದಕ್ಕೆ ಬೇಸರವಿದೆ. ಸಿಟ್ಟು ಬಂದಿದ್ದಕ್ಕೆ ಇಲ್ಲ.

"ಮೂಲ" ಅಂತ ಕೇಳುವವರಲ್ಲಿ ಅರ್ಧ ಜನ ಜಾತಿ ಕೇಳುತ್ತಿರುತ್ತಾರೆ. ನೇರ ಕೇಳಲು ಸಂಕೋಚ, ಅದಕ್ಕೆ ಊರು, ಮನೆದೇವರು, ಅಂತ ಸುತ್ತು ಹಾಕುತ್ತಾರೆ. ಅವರಿಗೆ ನನ್ನಲ್ಲಿ ಉತ್ತರವಿಲ್ಲ. ಉಳಿದ ಅರ್ಧ ಜನರಿಗೆ ನಿಜವಾಗಿಯೂ ತಿಳಿಯಬೇಕಿರುತ್ತದೆ. ಅವರಿಗೋಸ್ಕರ ನನ್ನ ಮುತ್ತಜ್ಜನ ವಿಷಯ ಹೇಳುತ್ತೇನೆ. ನಾನು ಅವರನ್ನು ನೋಡಿಲ್ಲ. ಅವರು ತೀರಿಹೋಗಿದ್ದು 1983ರಲ್ಲಿ, ನಾನು ಹುಟ್ಟಿದ್ದು ಐದು ವರ್ಷ ಬಿಟ್ಟು. ಹೇಳಿದ್ದೆಲ್ಲ ನನ್ನ ಅಜ್ಜ.

ಮುತ್ತಜ್ಜ ಹುಟ್ಟಿದ್ದು ಮಡೆನೂರಿಗಿಂತ ಮೇಲೆ, ಶರಾವತಿ ದಂಡೆಯಲ್ಲಿ. ಹೊಳೆ ಪಕ್ಕದ ಗದ್ದೆ ಗೇಣಿಯದ್ದು. ಸ್ವಂತ ಅಂತ ಇದ್ದಿದ್ದು ಮನೆ ಹಿಂದಿನ ಅರ್ಧ ಎಕರೆ ಹಕ್ಕಲು (ಒಣ ಜಮೀನು) ಮಾತ್ರ. ಜೋಗದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು ಬೇಕು ಅಂತ ಮೈಸೂರು ಸರ್ಕಾರ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿಸಿತು. 1948ರಲ್ಲಿ ಕೇಂದ್ರ ಶುರುವಾಯಿತು, ಮುಂದಿನ ವರ್ಷ ಅದಕ್ಕೆ ಮಹಾತ್ಮ ಗಾಂಧಿ ಹೆಸರಿಟ್ಟರು. ಗದ್ದೆಗೆ ನೀರು ಬಂತು. ಮುತ್ತಜ್ಜ ಮನೆ ಬಿಚ್ಚಿ ಗುಡ್ಡದ ಮೇಲಕ್ಕೆ ಹೋದರು. ಅಜ್ಜನಿಗೆ ಆಗ ಹತ್ತು ವರ್ಷ. ಕೋಳಿ ಬುಟ್ಟಿ ಹೊತ್ತಿದ್ದು ತಾನೇ ಅಂತ ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರು.

ಗುಡ್ಡದ ಮೇಲೆ ಹದಿನೈದು ವರ್ಷ. ಈ ಭಾಗ ಹೇಳಿದ ತಕ್ಷಣ ಓದಿಕೊಂಡವರು ಕೇಳುವುದು, "ಹಂಗಾದ್ರೆ ಕಾಗೋಡು ಸತ್ಯಾಗ್ರಹದಲ್ಲಿ ಇದ್ರಾ?" ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಮೋಸಕ್ಕೆ ತಿರುಗಿಬಿದ್ದಾಗ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದಾಗ, ಮುತ್ತಜ್ಜ ಗುಡ್ಡದ ಇಳಿಜಾರಿನಲ್ಲಿ ಅಂಚು ಕಟ್ಟಿ ಗದ್ದೆ ಮಾಡುತ್ತಿದ್ದರು. ಸುದ್ದಿ ಸಂತೆಯಲ್ಲಿ ಕೇಳಿದ್ದರಂತೆ. ನಿಮಗೆ ಕಥೆಯಲ್ಲಿ ಹೋರಾಟಗಾರ ಬೇಕಿದ್ದರೆ ಕ್ಷಮಿಸಿ, ಅವರು ಕಲ್ಲು ಹೊರುತ್ತಿದ್ದರು.

ಆ ಅಂಚುಗಳು ಗಟ್ಟಿಯಾಗಿ ಗದ್ದೆ ಹದಕ್ಕೆ ಬರುವ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು. ಈ ಸಲದ್ದು ದೊಡ್ಡದು, ನೀರಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. 1964ರಲ್ಲಿ ಅಣೆಕಟ್ಟು ಮುಗಿಯಿತು. ನಮ್ಮ ಗುಡ್ಡ ಹೋಯಿತು. ಹಿರೇಭಾಸ್ಕರ ಅಣೆಕಟ್ಟೇ ಹೋಯಿತು, ಅದೂ ಅದೇ ನೀರಿನ ಅಡಿಯಲ್ಲಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. 2023ರಲ್ಲಿ ಕಂಡಾಗ ಜನ ಸಾಲುಗಟ್ಟಿ ನೋಡಲು ಹೋದರು. ಅಪ್ಪನನ್ನು ಕರೆದೆ. "ನೋಡೋಕೆ ಎಂತ ಇದೆ ಮಾರಾಯ ಅಲ್ಲಿ" ಅಂದು ಗದ್ದೆಗೆ ಹೊರಟರು.

ಇನ್ನು ಪರಿಹಾರ. ಹೋಳಿಗೆಯ ಹಿರಿಯರೇ, ಇದು ನಿಮಗೆ. ಗದ್ದೆ ಗೇಣಿಯದ್ದು ಅಂದೆನಲ್ಲ, ಅದರ ದುಡ್ಡು ಒಡೆಯರಿಗೆ ಹೋಯಿತು. ಉತ್ತವನಿಗೆ ಮನೆಯ ಮರಮುಟ್ಟಿನ ಲೆಕ್ಕದಲ್ಲಿ ಸ್ವಲ್ಪ ಬಂತು. ಅದು ಎಷ್ಟು ಅಂತ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ, ನೆನಪಿಟ್ಟುಕೊಳ್ಳುವಷ್ಟು ಇರಲಿಲ್ಲ. ಜೊತೆಗೆ ಶಿವಮೊಗ್ಗ ತಾಲ್ಲೂಕಿನ ಕಾಡಿನಲ್ಲಿ ಜಾಗ. ಲಾರಿಯಲ್ಲಿ ಹೆಂಗಸರು, ಮಕ್ಕಳು, ಪಾತ್ರೆ, ಕೋಳಿ. ದನ ಹೊಡೆದುಕೊಂಡು ನಡೆದು ಹೋದವರು ಅಜ್ಜ ಮತ್ತು ಅವರ ಚಿಕ್ಕಪ್ಪ, ಐದು ದಿನ. ಒಂದು ಎಮ್ಮೆ ಎರಡನೇ ರಾತ್ರಿ ಹಗ್ಗ ಬಿಡಿಸಿಕೊಂಡು ವಾಪಸ್ ಹೋಯಿತು. ಅದನ್ನು ಹುಡುಕುತ್ತಾ ಹೋದ ಅಜ್ಜನಿಗೆ ಸಿಕ್ಕಿದ್ದು ಕೊಟ್ಟಿಗೆಗೆ ಹೋಗುತ್ತಿದ್ದ ದಾರಿಯಲ್ಲೇ, ದಾರಿ ನೀರಿಗೆ ಇಳಿಯುವ ಜಾಗದಲ್ಲಿ. ಹೊಟ್ಟೆವರೆಗೆ ನೀರಿನಲ್ಲಿ ನಿಂತಿತ್ತಂತೆ. ಕರೆದರೆ ಬರಲಿಲ್ಲ, ಎಳೆದು ತರಬೇಕಾಯಿತು.

1965ರ ಜನವರಿ 24ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಶರಾವತಿ ವಿದ್ಯುತ್ ಯೋಜನೆಯನ್ನು ಉದ್ಘಾಟಿಸಿದರು. ಅದೇ ವರ್ಷ ಮಳೆಗಾಲದಲ್ಲಿ ಅಜ್ಜನ ಕೊನೆಯ ತಂಗಿ ಜ್ವರದಲ್ಲಿ ತೀರಿಕೊಂಡಳು. ಆಸ್ಪತ್ರೆಗೆ ರಸ್ತೆಯೇ ಇರಲಿಲ್ಲ. ಮುತ್ತಜ್ಜಿ ಆ ಜಾಗದಲ್ಲಿ ಆಮೇಲೆ ಹೊಸ ಒಲೆ ಹಾಕಲಿಲ್ಲ, ಮೂರು ಕಲ್ಲಿನ ಮೇಲೇ ಬೇಯಿಸಿದರು. ಇಲ್ಲಿ ಇರುವುದಿಲ್ಲ ಅಂತ ಬಾಯಲ್ಲಿ ಹೇಳುವ ಅಗತ್ಯ ಅವರಿಗೆ ಬರಲಿಲ್ಲ. ಅಲ್ಲೇ ಉಳಿದ ನಮ್ಮ ಸಂಬಂಧಿಕರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಕೊಟ್ಟಿದ್ದು ಅರಣ್ಯ ಭೂಮಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕಾಡಿನ ಲೆಕ್ಕದಿಂದ ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರ ತಾನಾಗಿ ಬಿಡಿಸಿ ಹೊರಡಿಸಿದ ಆದೇಶಗಳನ್ನು ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. ಮೂರನೇ ತಲೆಮಾರು ಅರ್ಜಿ ಬರೆಯುತ್ತಿದೆ.

ಇಷ್ಟು ಹೇಳುವಷ್ಟರಲ್ಲಿ ಕೇಳಿದವರು "ಪಾಪ" ಅನ್ನುತ್ತಾರೆ. ಪಾಪ ಅಂದ ಮೇಲೆ ಮಾತು ಮುಗಿಯಿತು, ಹವಾಮಾನದ ವಿಷಯಕ್ಕೆ ಹೋಗುತ್ತಾರೆ. ಅಲ್ಲಿ ನನಗೆ ಉರಿಯುತ್ತದೆ. ನನ್ನ ಮುತ್ತಜ್ಜ ಒಬ್ಬ ಬೇಸಾಯಗಾರ. ಬೇಸಾಯಗಾರನ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ "ಏನು ಬೆಳೀತಿದ್ರು?" ಅಂತ ಅಲ್ಲವೇ? ನನ್ನ ಮೂವತ್ತಾರು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಿಲ್ಲ. ಕೇಳಿದ್ದರೆ ಹೋಳಿಗೆ ತಿನ್ನುತ್ತಾ ಕೂತು ಹೇಳುತ್ತಿದ್ದೆ.

ನೆರೆಗುಳಿ ಬೆಳೆಯುತ್ತಿದ್ದರು. ನೆರೆಗುಳಿ ಒಂದು ಭತ್ತ, ಹೆಸರೇ ಹೇಳುವ ಹಾಗೆ ನೆರೆ ತಡೆಯುವ ಭತ್ತ. ಹೊಳೆ ಉಕ್ಕಿ ಗದ್ದೆ ಮುಳುಗಿದರೆ ಬೇರೆ ಭತ್ತ ಕೊಳೆಯುತ್ತದೆ. ಇದು ಕೆಲವು ದಿನ ನೀರಿನ ಅಡಿ ಇದ್ದು, ನೀರು ಇಳಿದ ಮೇಲೆ ಮತ್ತೆ ಚಿಗುರಿಕೊಳ್ಳುತ್ತದೆ. ಶರಾವತಿ ದಂಡೆಯ ಗದ್ದೆಗೆ ಅದು ಹೇಳಿ ಮಾಡಿಸಿದ್ದು.

ಬೀಜ ಇರುತ್ತಿದ್ದಿದ್ದು ಮೂಡೆಯಲ್ಲಿ. ನೋಡದವರಿಗೆ: ಒಳ್ಳೆಯ ಒಣ ಹುಲ್ಲನ್ನು ಸುತ್ತ ಹರಡಿ, ನಡುವೆ ಬೀಜ ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆತ್ತಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತಿಸುತ್ತಿ ಬಿಗಿಯುತ್ತಾರೆ. ಬಿಗಿಯುವಾಗ ಒಬ್ಬರು ಹಗ್ಗ ಎಳೆಯಬೇಕು, ಇನ್ನೊಬ್ಬರು ಮರದ ಕೊಡತಿಯಲ್ಲಿ ಬಡಿಯಬೇಕು. ಮುಗಿದ ಮೇಲೆ ದೊಡ್ಡ ಕುಂಬಳಕಾಯಿಯ ಹಾಗೆ ದುಂಡಗೆ, ತಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ತಾಗಿ ಹುಳ ಬರುವುದಿಲ್ಲ. ಹೊರಭಾಗ ಕಪ್ಪಾಗಿ ಮಿರುಗುತ್ತದೆ, ಒಳಗೆ ಬೀಜ ಬಂಗಾರದ ಹಾಗೆ. ಪ್ರತಿ ಸಲ ಮನೆ ಬಿಟ್ಟಾಗಲೂ ಮುತ್ತಜ್ಜ ಬೇರೆಯವರ ಕೈಗೆ ಕೊಡದೆ ತಾನೇ ಹೊತ್ತಿದ್ದು ಎರಡು ಮೂಡೆ.

ಗುಡ್ಡದ ಮೇಲೆ ನೀರು ನಿಲ್ಲುವುದಿಲ್ಲ, ನೆರೆಗುಳಿ ಬಡವಾಯಿತು. ಕಾಡಿನ ಜಾಗದಲ್ಲಿ ಇನ್ನೂ ಕಷ್ಟ. ಕೆಂಪು ನೆಲ, ತುಂಬ ಜಂಬಿಟ್ಟಿಗೆ ಹರಳು, ಅರ್ಧ ಕಡಿದ ಮರದ ಬೊಡ್ಡೆಗಳು. ಮೊದಲ ವರ್ಷ ಹಾಕಿದ ಭತ್ತ ಹಾಲು ಕಟ್ಟಲಿಲ್ಲ, ಎಲ್ಲ ಜೊಳ್ಳು. ಎರಡನೇ ವರ್ಷ ಬಯಲುಸೀಮೆ ಕಡೆಯವರನ್ನು ಕೇಳಿ ಕೇಳಿ ರಾಗಿ ಹಾಕಲು ಕಲಿತರು. ಐವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಭತ್ತ ಬಿಟ್ಟು ಬೇರೆ ಬೆಳೆದು ಗೊತ್ತಿಲ್ಲ, ಮಕ್ಕಳ ವಯಸ್ಸಿನವರ ಹತ್ತಿರ ಕೂರಿಗೆ ಹಿಡಿಯಲು ಕಲಿತದ್ದು. ಹೊಟ್ಟೆ ತುಂಬಿಸಿದ್ದು ರಾಗಿ. ಆದರೂ ಹಳ್ಳದ ಬದಿಯಲ್ಲಿ ಹಾಸಿಗೆಯಷ್ಟು ಅಗಲದ ಒಂದು ಪಟ್ಟಿ ಮಾಡಿ, ಪ್ರತಿ ವರ್ಷ ಅಲ್ಲಿ ನೆರೆಗುಳಿ ಹಾಕುತ್ತಿದ್ದರು. ಉಣ್ಣುವುದಕ್ಕಲ್ಲ, ಬೀಜ ಸಾಯಬಾರದು ಅಂತ. ಭತ್ತದ ಬೀಜ ವರ್ಷ ಎರಡು ವರ್ಷಕ್ಕೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಇಟ್ಟುಕೊಂಡು ಕೂರುವ ಹಾಗಿಲ್ಲ, ಬಿತ್ತಲೇಬೇಕು. ಕಾಡುಹಂದಿ ಬರುತ್ತದೆ ಅಂತ ರಾತ್ರಿಯೆಲ್ಲ ಅಲ್ಲೇ ಬೆಂಕಿ ಹಾಕಿ ಕೂತಿರುತ್ತಿದ್ದರು. ನಾಲ್ಕು ಮಳೆಗಾಲ ಹಾಗೇ ಕಾದರು.

ಆ ಬೀಜವೇ ಅವರನ್ನು ಸೊರಬಕ್ಕೆ ಕರೆದುಕೊಂಡು ಬಂತು ಅಂದರೆ ಹೆಚ್ಚಲ್ಲ. ವರದಾ ನದಿಯ ಬಯಲಿನಲ್ಲಿ ತಗ್ಗು ಗದ್ದೆಗಳಿವೆ, ಮಳೆಗಾಲದಲ್ಲಿ ನೆರೆ ಹತ್ತುತ್ತದೆ, ಅವನ್ನು ಗೇಣಿಗೆ ಹಿಡಿಯಲು ಜನ ಹಿಂಜರಿಯುತ್ತಾರೆ ಅಂತ ನೆಂಟರೊಬ್ಬರು ಹೇಳಿದರು. ಬೇರೆಯವರು ಬೇಡ ಅಂದ ಆ ಗದ್ದೆಯೇ ಮುತ್ತಜ್ಜನಿಗೆ ಬೇಕಿದ್ದಿದ್ದು. 1968ರಲ್ಲಿ ಬಂದರು. ಮತ್ತೆ ಗೇಣಿ, ಮತ್ತೆ ಸೋಗೆಯ ಮನೆ. ಮೊದಲ ವರ್ಷವೇ ನೆರೆ ಬಂತು. ಒಂದು ವಾರ ಗದ್ದೆ ಕಾಣಲಿಲ್ಲ. ನೀರು ಇಳಿದ ಮೇಲೆ ಕೆಸರು ಮೆತ್ತಿಕೊಂಡು ಮಲಗಿದ್ದ ಪೈರು ಮತ್ತೆ ಎದ್ದಿತು. ಮುತ್ತಜ್ಜಿ ಅವತ್ತು ಸಂಜೆ ಮಣ್ಣು ಕಲಸಿ ಒಲೆ ಹಾಕಿದರು.

ಉಳುವ ಗೇಣಿದಾರನಿಗೇ ಜಮೀನು ಕೊಡುವ, ದೇವರಾಜ ಅರಸರ ಕಾಲದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ಹಕ್ಕು ಕೇಳುವ ಅರ್ಜಿ ಫಾರಂ ನಂಬರ್ 7, ಮುತ್ತಜ್ಜ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಭೂ ನ್ಯಾಯಮಂಡಳಿಯಲ್ಲಿ ಅವರನ್ನು ಕೇಳಿದ್ದು ಎರಡೇ ಪ್ರಶ್ನೆ ಅಂತ ಅಜ್ಜ ಹೇಳುತ್ತಿದ್ದರು. ಎಷ್ಟು ವರ್ಷದಿಂದ ಉಳುತ್ತಿದ್ದೀರಿ? ಏನು ಬೆಳೆಯುತ್ತೀರಿ? ಮೂಲ ಯಾವೂರು ಅಂತ ಕೇಳಲಿಲ್ಲ. ಎರಡು ಎಕರೆ ಹತ್ತು ಗುಂಟೆ ಅವರ ಹೆಸರಿಗಾಯಿತು, ಅರವತ್ತು ದಾಟಿದ ಮೇಲೆ.

ವರದೆಗೆ ಇಕ್ಕೇರಿ ಹತ್ತಿರ ವರದಾಮೂಲ ಅಂತ ಜಾಗವಿದೆ, ಬೇಕಾದರೆ ಹೋಗಿ ನೋಡಿ. ನಮ್ಮದನ್ನು ನೋಡಬೇಕು ಅಂದರೆ ಮನೆಗೇ ಬರಬೇಕು. ಈಗ ಹೆಚ್ಚಿನ ಗದ್ದೆಗೆ ಅಪ್ಪ ಹೊಸ ತಳಿ ಹಾಕುತ್ತಾರೆ, ಇಳುವರಿ ಜಾಸ್ತಿ, ಅದರಲ್ಲಿ ತಪ್ಪೇನಿಲ್ಲ. ತಗ್ಗಿನ ಎಂಟು ಗುಂಟೆ ಮಾತ್ರ ನೆರೆಗುಳಿಗೆ. ಮೂಡೆ ಕಟ್ಟಲು ಈಗ ನಾನು ಹಗ್ಗ ಎಳೆಯುತ್ತೇನೆ, ಅಪ್ಪ ಬಡಿಯುತ್ತಾರೆ. ಸರಿಯಾಗಿ ಎಳೆದಿಲ್ಲ ಅಂತ ಪ್ರತಿ ವರ್ಷ ಬೈಗುಳ. ಯಾರಾದರೂ ಬೀಜ ಬೇಕು ಅಂದರೆ ಕೊಡುತ್ತಾರೆ, ದುಡ್ಡು ತಗೊಳ್ಳುವುದಿಲ್ಲ. ಬಂದವರ ಊರು ಯಾವುದು ಅಂತಲೂ ಕೇಳುವುದಿಲ್ಲ. "ನಿಮ್ಮ ಗದ್ದೇಲಿ ನೀರು ಎಷ್ಟು ದಿನ ನಿಲ್ತದೆ?" ಅಂತ ಕೇಳುತ್ತಾರೆ.